ಎಪ್ಪತ್ತೊಂದು ಪಾಯಿಂಟ್ ಮೂರು

ಬೆಳಿಗ್ಗೆ ಆರಕ್ಕೆ ಮಾರಿಕಣಿವೆಯ ಮೆಟ್ಟಿಲಿಳಿಯುತ್ತೇನೆ,
ಕಟ್ಟೆಯ ಕಲ್ಲು ಇನ್ನೂ ರಾತ್ರಿಯಷ್ಟೇ ತಣ್ಣಗೆ.
ಗೋಡೆಗೆ ಬಳಿದ ಅಳತೆಪಟ್ಟಿ:
ಅಡಿಗೆ ಕೆಂಪು, ಪಾಯಿಂಟಿಗೆ ಕಪ್ಪು,
ನೀರು ಮುಟ್ಟಿದಲ್ಲಿ ಬಣ್ಣವೇ ಮಬ್ಬು.

ಗಾಳಿ ಇದ್ದರೆ ಅಲೆ ಸುಳ್ಳು ಹೇಳುತ್ತದೆ.
ಏರಿದ್ದೊಂದು, ಇಳಿದದ್ದೊಂದು, ನಡುವಿನದು ನಿಜ.
ಮೂರು ಉಸಿರು ಕಾಯಬೇಕು ಎಂದು ಅಪ್ಪ ಕಲಿಸಿದ್ದು.
ಕಲಿಸಿದ್ದು ಅಂದರೆ, ಬುತ್ತಿ ಕೊಡಲು ಬಂದವಳು
ಪಕ್ಕ ಕೂತು ನೋಡಿದ್ದು.
ಆಮೇಲೆ ಅವನ ಕುರ್ಚಿ, ಅವನ ಟಾರ್ಚು,
ಅನುಕಂಪದ ಆದೇಶದಲ್ಲಿ ನನ್ನ ಹೆಸರು:
ಪುಷ್ಪಲತಾ, ತಂದೆ ದಿ. ಜುಂಜಪ್ಪ, ಗೇಜ್ ರೀಡರ್.

ರಿಜಿಸ್ಟರಿನಲ್ಲಿ ನಾಲ್ಕು ಕಲಂ:
ಮಟ್ಟ, ಒಳಹರಿವು, ಹೊರಹರಿವು, ಆವಿ.
ಆವಿಗೆ ಪೈಪಿಲ್ಲ, ಮೀಟರಿಲ್ಲ, ಬಿಲ್ಲಿಲ್ಲ.
ಏಪ್ರಿಲಿನಲ್ಲಿ ದುರ್ಗದವರೆಲ್ಲ ಸೇರಿ ಕುಡಿಯುವುದಕ್ಕಿಂತ ಹೆಚ್ಚು
ಆಕಾಶವೊಂದೇ ಕುಡಿಯುತ್ತದೆ, ಹೆಸರು ಬರೆಸದೆ.

ಆರೂಕಾಲಿಗೆ ಫೋನು.
ಹಿರಿಯೂರಿನ ವಾಲ್ವ್‌ಮನ್ ಬಶೀರಣ್ಣ,
ಚಳ್ಳಕೆರೆಯ ಪಂಪ್‌ಹೌಸು,
ಐಮಂಗಲದ ಒಬ್ಬ ಮೇಷ್ಟರು, ಏನೂ ಸಂಬಂಧವಿಲ್ಲ,
ಚಹಾದಂಗಡಿಯ ಪಂದ್ಯಕ್ಕೆ ದಿನಾ ಬೇಕು:
"ಇವತ್ತೆಷ್ಟೈತವ್ವ?"
ಹೇಗಿದ್ದೀಯ ಅಂತ ಯಾರೂ ಕೇಳುವುದಿಲ್ಲ;
ನಂಬರ್ ಹೇಳುವ ದನಿಯಲ್ಲೇ
ಅದನ್ನೂ ತಿಳಿದುಕೊಳ್ಳುತ್ತಾರೇನೋ.

ಹೋದ ವರ್ಷ ಸೆನ್ಸರ್ ಬಂತು.
ಕಂಬದ ತುದಿಯಿಂದ ನೀರನ್ನು ಎವೆಯಿಕ್ಕದೆ ನೋಡಿ
ಕಾಲು ಗಂಟೆಗೊಮ್ಮೆ ಬೆಂಗಳೂರಿಗೆ ಹೇಳುತ್ತದೆ.
ಒಂದು ರಾತ್ರಿ ಜೇಡ ಅದರ ಬಾಯಿಗೆ ಬಲೆ ಕಟ್ಟಿತು,
ಬೆಳಗಾಗುವಷ್ಟರಲ್ಲಿ ಕಂಪ್ಯೂಟರಿನ ಒಳಗೆ
ಕೋಡಿ ಹರಿದಿತ್ತು.
"ಹೋಗಿ ನೋಡಮ್ಮ" ಎಂದರು ಇಂಜಿನಿಯರು.
ನೋಡಿದೆ. ಎಂಬತ್ತೆರಡು ಪಾಯಿಂಟ್ ಒಂದು ಐದು.
ಬಲೆ ತೆಗೆದೆ, ಜೇಡವನ್ನು ಕಲ್ಲಿನ ಮೇಲೆ ಬಿಟ್ಟೆ.

ಮಳೆಗಾಲಕ್ಕೆ ಮುಂಚೆ ಹಳೆಯ ರಿಜಿಸ್ಟರುಗಳನ್ನು ಬಿಸಿಲಿಗೆ ಹಾಕುವಾಗ
ನಾನು ಹುಟ್ಟಿದ ತಿಂಗಳು ಸಿಕ್ಕಿತು.
ಅಪ್ಪನ ಏಳು, ನಡುವಿಗೊಂದು ಅಡ್ಡಗೆರೆ;
ಅಪ್ಪನ ಐದು, ಟೋಪಿ ಹಾರಿಹೋದ ಐದು.
ಹನ್ನೊಂದನೇ ತಾರೀಖು: ಎಪ್ಪತ್ತೊಂದು ಪಾಯಿಂಟ್ ಮೂರು ಐದು.
ಹದಿಮೂರು: ಎಪ್ಪತ್ತೊಂದು ಪಾಯಿಂಟ್ ಎರಡು ಐದು.
ನಡುವಿನ ದಿನ ಎಪ್ಪತ್ತೊಂದು ಪಾಯಿಂಟ್ ಮೂರು,
ಸರಿಯಾಗಿ ಅರ್ಧ. ಸಮಯ ಬೆಳಿಗ್ಗೆ ಆರು.

ಆ ಆರಕ್ಕೆ ಅವನು
ಹಿರಿಯೂರು ಆಸ್ಪತ್ರೆಯ ಬೇವಿನ ಕಟ್ಟೆಯ ಮೇಲೆ
ಬೀಡಿ ಹಚ್ಚುವುದನ್ನೂ ಮರೆತು ಕೂತಿದ್ದ.
ಅವ್ವ ನೂರು ಸಲ ಹೇಳಿದ್ದಾಳೆ.

ಇಪ್ಪತ್ತಾರು ವರ್ಷದ ಬರಹದಲ್ಲಿ
ನನಗೆ ಸಿಕ್ಕಿದ ಒಂದೇ ಅಂದಾಜು.
ಆ ದಿನ ನೀರು ನಿಜಕ್ಕೂ ಎಷ್ಟಿತ್ತೋ
ನೀರಿಗೂ ನೆನಪಿಲ್ಲ.
ಇಲಾಖೆಯ ಸರಾಸರಿಗಳಲ್ಲಿ,
ಯಾರದೋ ಪಿಎಚ್‌ಡಿಯ ಗ್ರಾಫಿನಲ್ಲಿ
ನನ್ನ ಹುಟ್ಟು, ಎಲ್ಲೂ ಕೊಂಕಿಲ್ಲದ ಗೆರೆ.

ತಿದ್ದಲಿಲ್ಲ. ಪಕ್ಕದಲ್ಲಿ ಷರಾ ಬರೆಯಲಿಲ್ಲ.
ಪುಟ ಹಾರದಿರಲೆಂದು ಮೇಲೊಂದು ಕಲ್ಲಿಟ್ಟೆ.

ಇವತ್ತು ಗಾಳಿ ಇದೆ.
ಒಂದು ಉಸಿರು.
ವೇದಾವತಿ ಪಟ್ಟಿಯನ್ನು ನೆಕ್ಕಿ ಏರಿ, ಇಳಿಯುತ್ತಾಳೆ.
ಎರಡು.
ಚೀಲದೊಳಗೆ ಫೋನು ಆಗಲೇ ನಡುಗುತ್ತಿದೆ,
ಮೇಷ್ಟರೇ ಇರಬೇಕು.

ತಾಳಿ.