ಹಿಗ್ಗದು, ಕುಗ್ಗದು

ಅಲೆಕ್ಸಾಂಡ್ರಿಯಾ. ರಮ್ಲ್ ಸ್ಟೇಷನ್ನಿನ ಎದುರು
ದಿಮ್ಯಾನಾಳ ಔಷಧದಂಗಡಿ.
ಕಂಪನಿಯ ಹುಡುಗ ಬಂದು ಪರದೆ ಸವರಿ ತೋರಿಸಿದ:
'ನೋಡಿ ಡಾಕ್ಟರ್, ಬೆಲೆ ಒಂದೂವರೆ ಪಟ್ಟು,
ಮಾರಾಟ ಇದ್ದಲ್ಲೇ ಇದೆ.'
ಗೂಟ ಹೊಡೆದ ಹಾಗೆ ನೆಟ್ಟಗೆ ನಿಂತಿತ್ತು ಗೆರೆ.
'ಇಂಥ ಮಾತ್ರೆ ಬಂಗಾರ' ಎಂದ.
ಅವಳು ಚಹಾ ಕೊಟ್ಟಳು. ಸಕ್ಕರೆ
ಒಂದೇ ಚಮಚ, ಈಗೀಗ.

ಅವಳ ವಹಿಯಲ್ಲೂ ಇತ್ತು ಆ ಗೆರೆ.
ಬೆಲೆ ಏರಿದ ವಾರವೇ ಶ್ಯಾಂಪೂ ಕುಗ್ಗಿ ಸೋಪಾಯಿತು,
ತುಟಿಬಣ್ಣ ಕಪಾಟಿನಲ್ಲೇ ಒಣಗಿತು.
ಖಮೀಸನ ಹೆಸರಿನ ಮುಂದೆ ಮಾತ್ರ
ಮೂವತ್ತು. ಮೂವತ್ತು. ಮೂವತ್ತು.
ಹೆಂಡತಿ ಸನಿಯ್ಯಾಳ ಮೂರ್ಛೆರೋಗಕ್ಕೆ, ದಿನಕ್ಕೊಂದರಂತೆ.

ಬಲೆ ಹೆಣೆಯುವವನು ಅವನು.
ಎಷ್ಟು ಎಳೆದರೆ ಹಿಗ್ಗುತ್ತದೆ, ಎಲ್ಲಿ ಹರಿಯುತ್ತದೆ
ಬೆರಳಿಗೇ ಗೊತ್ತು.
ಒಂದು ಕಣ್ಣು ಬಿಗಿ ಹಿಡಿದರೆ ಪಕ್ಕದ್ದು ಜಗ್ಗಲೇಬೇಕು.
ಜಗ್ಗಿತು:
ಮೊದಲು ಶುಕ್ರವಾರದ ಮೀನು, ಅದೂ ಮೀನಿನ ಊರಿನಲ್ಲಿ,
ಆಮೇಲೆ ಅಲುಗುವ ಹಲ್ಲಿಗೆ ವೈದ್ಯ,
ಆಮೇಲೆ ಟ್ರಾಮು.
ಅನ್‌ಫೂಷಿಯಿಂದ ನಡೆದೇ ಬರುತ್ತಿದ್ದ,
ಕಡಲಗೋಡೆಯ ಗುಂಟ, ಕೋಟಿನ ಕಾಲರ್ ಎತ್ತಿಕೊಂಡು.
ಸಿಗರೇಟು ಬಿಡಲಿಲ್ಲ. ಅವನೇನು ಸಂತನಲ್ಲ.

ಎಷ್ಟು ಎಂದು ಕೇಳುವುದನ್ನು ಬಿಟ್ಟಿದ್ದ.
ಜೇಬಿನಲ್ಲಿದ್ದುದನ್ನೆಲ್ಲ ಗಾಜಿನ ಮೇಲೆ ಹರವಿ
'ಎತ್ತಿಕೋ' ಎನ್ನುತ್ತಿದ್ದ.
ನಡುವೆ ಒಮ್ಮೆ ಬೆಲೆ ಇಳಿದದ್ದೂ ಉಂಟು, ಒಂದು ತಿಂಗಳ ಮಟ್ಟಿಗೆ.
ಆಗಲೂ ಮೂವತ್ತೇ.
ಅಗ್ಗವಾಯಿತೆಂದು ಯಾರು
ಎರಡು ಸಲ ಬಿದ್ದು ಒದ್ದಾಡುತ್ತಾರೆ?

ಪುಸ್ತಕದ ಭಾಷೆಯಲ್ಲಿ ಇದೂ ಬೇಡಿಕೆಯೇ.
ಬೇಡ ಅನ್ನಲು ಬಾಯಿಲ್ಲದ ಬೇಡಿಕೆ.

ಮಾರ್ಚಿನ ಒಂದು ಸಂಜೆ, ಮರಳುಗಾಳಿ.
ಬೀದಿ ದೀಪಗಳು ಹಳದಿ ಕೆಮ್ಮುತ್ತಿದ್ದವು.
ಖಮೀಸ್ ಬಂದ. ದುಡ್ಡು ಹರವಲಿಲ್ಲ.
ಹನ್ನೊಂದು ಮಾತ್ರೆ ಉಳಿದ ಪಟ್ಟಿಯನ್ನು
ಗಾಜಿನ ಮೇಲೆ ಇಟ್ಟ.
'ಯಾರಿಗಾದರೂ ಕೊಡು.
ನಮಗಿನ್ನು ಬೇಡ.'

ಮಾರಿದ ಔಷಧ ವಾಪಸು ತಗೊಳ್ಳುವ ಹಾಗಿಲ್ಲ.
ತಗೊಂಡಳು.
ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆ, ಏನೂ ಕೇಳಲಿಲ್ಲ.
ವಹಿ ತೆರೆದು, ಮೂವತ್ತರ ಕೆಳಗೆ
ಏನು ಬರೆಯುವುದೆಂದು ತಿಳಿಯದೆ
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದಳು.

ಆಚೆ ಟ್ರಾಮು ಬಂದು ನಿಂತಿತು.
ಅವನು ಚಿಲ್ಲರೆ ಎಣಿಸಿ
ಹತ್ತಿದ.
ಕಿಟಕಿಯ ಪಕ್ಕ ಜಾಗ ಸಿಕ್ಕಿತು.