ಒಂದು ಚಮಚ ಕಡಿಮೆ

ಲಂಡನ್ನಿನಿಂದ ಬಂದವನ ಕೈಯಲ್ಲಿ ನೀಲಿ ಕಡತ.
ಹೆಸರು ಕೋಪ್‌ಸ್ಟಿಕ್. ನಿನ್ನೆಯಿಂದ ಎಣಿಸುತ್ತಿದ್ದಾನೆ:
ಕಿರೀಟದ ಮುದ್ರೆಯ ತಟ್ಟೆ ಅರವತ್ತು,
ಸೂಪಿನ ಬಟ್ಟಲು ಐವತ್ತೆಂಟು, ಎರಡಕ್ಕೆ ಬಿರುಕು,
ಮೇಜಿನ ಹಾಸು ಹನ್ನೊಂದು, ಒಂದರಲ್ಲಿ ವೈನಿನ ಕಲೆ
(ಅದು ಬ್ರೆಜಿಲಿನ ರಾಯಭಾರಿಯ ಕೆಲಸ; ನಾನು ಹೇಳಲಿಲ್ಲ).
ನಾನು ನೆಲಿದಾ. ಹತ್ತೊಂಬತ್ತು ವರ್ಷದಿಂದ ಈ ಮನೆಯ ಅಡುಗೆಯವಳು.
ಐದು ರಾಯಭಾರಿಗಳಿಗೆ ಬಡಿಸಿದ್ದೇನೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮಾಂಟೆವಿಡಿಯೊ ತುಂಬ ಪಾಂಪೆರೊ ಗಾಳಿ.
ಬಾವುಟದ ಹಗ್ಗ ರಾತ್ರಿಯಿಡೀ ಕಂಬಕ್ಕೆ ಬಡಿದುಕೊಂಡಿದೆ,
ಬಾಗಿಲು ತೆಗೆಯದ ಮನೆಯೆದುರು ನಿಂತವರ ಹಾಗೆ.
ಸೆನ್ಯೋರಿತಾ ಪೆಂಗೆಲಿ ಕೋಟು ತೊಟ್ಟೇ ಮೆಟ್ಟಿಲ ಮೇಲೆ ಕೂತಿದ್ದಾರೆ.
ಕುರ್ಚಿಗಳನ್ನು ಎಣಿಸಿಯಾಗಿದೆ, ಇನ್ನು ಕದಲಿಸಬಾರದಂತೆ.

ಮದುವೆಯಾಗಿಲ್ಲ, ಅದಕ್ಕೇ ಐವತ್ತೇಳಕ್ಕೂ ಸೆನ್ಯೋರಿತಾ.
ಅಂಕಾರಾದಲ್ಲಿ ಸೇತುವೆ ಕಟ್ಟುವವನೊಬ್ಬ ಕೇಳಿದ್ದನಂತೆ.
ಆಗಿನ ಕಾಯಿದೆ: ಹೆಂಗಸು ಇವತ್ತು ಮದುವೆಯಾದರೆ
ನಾಳೆ ರಾಜೀನಾಮೆ. ಗಂಡಸಿಗೆ ಹಾಗೇನಿಲ್ಲ,
ಅವನಿಗೆ ಹೆಂಡತಿ ಬಂದರೆ ಔತಣಕ್ಕೊಂದು ಕೈ ಜಾಸ್ತಿ.
ಇವರು ವಾರ್ಸಾದಲ್ಲಿದ್ದಾಗ ಕಾಯಿದೆ ಹೋಯಿತು,
ಒಂದೂವರೆ ಸಾಲಿನ ಸುತ್ತೋಲೆ.
"ಓದಿದೆ, ಸಹಿ ಹಾಕಿದೆ, ಕಡತಕ್ಕೆ ಸೇರಿಸಿದೆ" ಎಂದರು
ಒಂದು ರಾತ್ರಿ, ನನ್ನ ಜೊತೆ ಮೆಂಬ್ರಿಶೊ ಹಣ್ಣು ಸುಲಿಯುತ್ತ.
"ಅವನಿಗೆ ಅಷ್ಟರಲ್ಲಿ ಮೂರು ಮಕ್ಕಳು."
ಸಿಪ್ಪೆ ಎಲ್ಲೂ ತುಂಡಾಗದೆ ಉದ್ದಕ್ಕೆ ಬಂತು.

ರಾಯಭಾರ ಅನ್ನುತ್ತಾರೆ.
ರಾಯನಿಲ್ಲ ಅವರಲ್ಲಿ, ರಾಣಿ. ಭಾರ ಮಾತ್ರ ಹಾಗೇ.
ಯುದ್ಧದ ವರ್ಷ ಬಂದರಿಗೆ ಗಾಯಾಳುಗಳ ಹಡಗು ಬಂದಾಗ
ಇದೇ ಕೋಟಿನಲ್ಲಿ ಹೋಗಿದ್ದರು, ಬೆಳಗಿನ ಜಾವ.
ಮರಳಿ ಬಂದು ಏನೂ ತಿನ್ನದೆ ಲಂಡನ್ನಿಗೆ ತಂತಿ ಬರೆದರು:
ಎಷ್ಟು ಮಂದಿ, ಎಷ್ಟು ಸ್ಟ್ರೆಚರು.
ಕೈ ನಡುಗಿದರೂ ಟೈಪಿನ ಅಕ್ಷರ ನಡುಗುವುದಿಲ್ಲ.

ನನ್ನ ವಿಲ್ಮಾರ್ ಆಗ ಜೈಲಿನಲ್ಲಿ.
ಆ ಊರಿನ ಹೆಸರೇ ಲಿಬರ್ತಾದ್, ಬಿಡುಗಡೆ ಅಂತ ಅರ್ಥ.
ನಗಬೇಡಿ, ನಕ್ಷೆಯಲ್ಲಿದೆ.
ನಾನು ಸಹಾಯ ಕೇಳಲಿಲ್ಲ. ಕೇಳಿದ್ದರೆ ಅವರು ಇಲ್ಲ ಎನ್ನಬೇಕಿತ್ತು,
ಪರದೇಶದ ಒಳವ್ಯವಹಾರ.
ಭೇಟಿಯ ದಿನ "ನನಗೂ ಆ ಕಡೆ ಕೆಲಸವಿದೆ" ಎಂದು
ಬಾವುಟದ ಕಾರಿನಲ್ಲಿ ನನ್ನ ಕೂರಿಸಿಕೊಂಡು ಹೋಗಿ
ಗೇಟಿನೆದುರೇ ನಿಲ್ಲಿಸಿ, ಇಳಿಯದೆ,
ಎರಡು ತಾಸು ಹಳೇ ಪೇಪರು ಓದಿದರು.
ಕಾವಲುಗಾರ ನೋಡಿದ. ಒಳಗಿಂದ ಅವನ ಮೇಲಿನವನು ಬಂದು ನೋಡಿದ.
ಇವರು ಪುಟ ಮಗುಚಿದರು.
ಆ ಚಳಿಗಾಲ ನನ್ನ ಮಗನಿಗೆ ಎರಡನೇ ಕಂಬಳಿ ಸಿಕ್ಕಿತು.
ಯಾರೂ ಯಾರಿಗೂ ಏನೂ ಹೇಳಿದ್ದಲ್ಲ.

ಈ ಮಾರ್ಚಿನಲ್ಲಿ ಬಿಟ್ಟರು. ನೇರ ಇಲ್ಲಿಗೇ ಬಂದ, ಹಿಂಬಾಗಿಲಿಗೆ.
ಸೆನ್ಯೋರಿತಾ ತಾವೇ ಕಾಫಿ ಬಗ್ಗಿಸಿ ಸಕ್ಕರೆ ಹಾಕಿ ಕೊಟ್ಟರು.
ಒಂಬತ್ತು ವರ್ಷ ಬೆಳ್ಳಿ ಮುಟ್ಟದ ಕೈ
ಚಮಚವನ್ನು ಕಪ್ಪಿನ ಅಂಚಿಗೆ ತಾಕಿಸಿ ಕಿಣಿ ಎನಿಸಿತು,
ಮತ್ತೆ ಕಿಣಿ,
ಮತ್ತೆ. ಕಾಫಿ ಆರಿಹೋಯಿತು.
ಎದ್ದಾಗ ಚಮಚ ಅವನ ಜೇಬಿನಲ್ಲಿತ್ತು.
ನಾನು ಕಂಡೆ. ಅವರು ಕಂಡರು. ನಾನು ಕಂಡದ್ದನ್ನೂ ಕಂಡರು.
ಈ ಸಲ ಮಳೆ ತಡ ಅಲ್ಲವೇ, ಅಂದರು.

"ಟೀ ಚಮಚ, ಎಪ್ಪತ್ತೊಂದು," ಎಂದ ಕೋಪ್‌ಸ್ಟಿಕ್.
"ಎಪ್ಪತ್ತೆರಡು ಇರಬೇಕು." ಮತ್ತೆ ಎಣಿಸಿದ.
ನನ್ನ ಕಿವಿ ಬಿಸಿಯಾಯಿತು.
"ನಾನೇ ಕಳೆದೆ," ದನಿ ಬಂತು ಮೆಟ್ಟಿಲಿನಿಂದ,
"ಸಂಬಳದಲ್ಲಿ ಹಿಡಿದುಕೊಳ್ಳಿ."
"ಹೇಗೆ ಕಳೆಯಿತು ಎಂದು ಬರೆಯಬೇಕು, ಮೇಡಂ."
ಮೂವತ್ತು ವರ್ಷ ಪದ ತೂಗಿದವರು, ತುಸು ತೂಗಿ ನೋಡಿ
"ಬಳಕೆಯಲ್ಲಿ," ಎಂದರು.
ಅವನು ಬರೆದುಕೊಂಡ.

ಅವರ ಸ್ವಂತದ್ದು ಎರಡು ಪೆಟ್ಟಿಗೆ, ಒಂದು ಛತ್ರಿ.
ಬಾವುಟಕ್ಕೆ ಗವಸು ತೊಡಿಸಿಕೊಂಡು ಕಾರು ಹೋಯಿತು.
ಮುಂದಿನವರು ಗುರುವಾರ ಬರುತ್ತಾರಂತೆ.
ಮೀನು ಆಗದಂತೆ ಅವರಿಗೆ. ಕಾಫಿಗೆ ಸಕ್ಕರೆ ಬೇಡವಂತೆ.