ಕೊಟೇಶನ್

ಚದರ ಅಡಿಗೆ ಎಷ್ಟು, ಬರದು ಕೊಡ್ರಿ ಅಂದಾರ
ವಿದ್ಯಾನಗರದ ಟ್ರ್ಯಾಕ್ಟರ್ ಸಾಲದ ಆಫೀಸಿನವರು.
ಹದಿನಾಕು ವರ್ಷ ಇನ್ನೊಬ್ಬನ ಗುತ್ತಿಗಿಯೊಳಗ ನೆಲಾ ವರಸೇನಿ,
ನೆಲಕ್ಕ ಅಡಿ ಇರತಾವಂತ ಇವತ್ತ ಗೊತ್ತಾತು.
ನನ್ನದು ಬಕೀಟಿನ ಲೆಕ್ಕ:
ಸ್ಟೇಶನ್ ರೋಡಿನ ಬ್ಯಾಂಕಿನ ಹಾಲ್ ಐದು ಬಕೀಟು,
ಮ್ಯಾನೇಜರನ ಖೋಲಿ ಅರ್ಧ,
ಮಳಿಗಾಲದಾಗ ಬರೇ ಮೆಟ್ಟಲಕ್ಕ ಮೂರು.

ಜೈತುನಬಿ ಟೇಪು ತಂದಾಳ, ಟೇಲರ್ ಗಂಡಂದು.
ದುರ್ಗದಬೈಲಿನ ಸಣ್ಣ ಅಂಗಡಿಯೊಳಗ
ಎದಿ, ನಡಾ, ತೋಳು ಅಳದು ಅಂಕಿ ಸವದಾವ.
ಅರವತ್ತ ಇಂಚಿಗೆ ಮುಗೀತು ಅದರ ಆಯುಷ್ಯ.
ಹಿಡಿ, ಬಳ್ಳಿಟ್ಟು ಒತ್ತು, ಸರಿ, ಮತ್ತ ಹಿಡಿ,
ಗಾಜಿನ ಬಾಗಲದಿಂದ ಹಿಂದಿನ ಗ್ವಾಡಿ ಮಟಾ
ಇಬ್ಬರೂ ಮೊಣಕಾಲ ಮ್ಯಾಲೆ.
“ಏನವಾ, ಆಫೀಸಿಗೆ ಜಂಪರ್ ಹೊಲೀತೀರೇನು?”
ವಾಚ್‌ಮನ್ ನಕ್ಕ. ನಾವೂ ನಕ್ಕೆವಿ, ಲೆಕ್ಕಾ ತಪ್ಪಿತು,
ಮತ್ತ ಬಾಗಲದಿಂದ.

ಎರಡೂ ಮಜಲಾ ಸೇರಿ ನಾಕು ಸಾವಿರದ ಆರನೂರು ಅಡಿ.
ಕಂಪ್ಯೂಟರಿನ ವೈರಿನ ತೆಳಗ ಟೇಪು ಹೋಗಲಿಲ್ಲ,
ಅಂದಾಜ ಬರದೆವಿ.
ಧೂಳ ಇರೂದೂ ಅಲ್ಲೇ.

ರಾತ್ರಿ ಊಟಾದ ಮ್ಯಾಲೆ
ಮಗಳ ಗಣಿತದ ವಹಿ, ಹಿಂದಿನ ಪುಟ.
ಫಿನಾಯಿಲ್, ಆಸಿಡ್, ಗಾಜು ವರಸೂ ಅರಿವಿ,
ಉದ್ದ ಹಿಡಕಿಯ ಕಸಬರಗಿ ಎರಡು
(ನನ್ನ ನಡಾ ಕೇಳಿದ್ದು, ಅವರಲ್ಲ),
ಚಿಗರಿ ಬಸ್ಸು, ಹೋಗಿ ಬಂದು.
“ಕಂಪನಿ ಹೆಸರು?” ಮಗಳು ಪೆನ್ನು ಕಚ್ಚತಾಳ.
“ಹೆಸರು ಆಮ್ಯಾಲೆ,” ಅಂತಾಳ ಜೈತುನಬಿ,
“ಮೊದಲ ಸೋರದಿರೋ ಬಕೀಟು.”

ಸಂಡಾಸಿಗೆ ಬ್ಯಾರೆ ರೇಟು ಹಾಕಲೋ ಬ್ಯಾಡೋ?
ಅವರು ಮೂಗು ಮುಚ್ಚಿಕೊಂಡು ತೋರಿಸಿದ ಬಾಗಲಾ ಅದು,
ದೂರ ನಿಂತು, ಬಳ್ಳಿಲೆ.
ಹಾಕು ಅಂದೆ. ಆ ಬಳ್ಳಿಗೂ ಸೇರಿಸಿ ಹಾಕು.

ಹದಿನಾಕು ವರ್ಷ ಬ್ಯಾಂಕಿನ ಬುಟ್ಟಿ ಸುರವೇನಿ,
ಕಂಡದ್ದು ಬಾಯಿಗೆ ತರಲಿಲ್ಲ.
ಮೂರು ಸಲ ಬರದು ಮೂರು ಸಲ ಹರದ ರಾಜೀನಾಮಿ,
ಮರುದಿನ ಅದೇ ಖುರ್ಚಿಯೊಳಗ ಅದೇ ಮನಷ್ಯಾ.
ಡಬ್ಬಿ ಬಿಚ್ಚದ ಲಡ್ಡು. ಕಾಡಗಿ ಹತ್ತಿದ ಕಾಗದ.
ಆದರ ಒಂದ ಮುಂಜಾನೆ
ಚಾದ ಕಲಿ ಬಿದ್ದ ಒಂದ ಹಾಳಿ,
ಮ್ಯಾಲೆ ಕಾಂಟ್ರಾಕ್ಟರ್ ಕುಬಸದನ ಶಿಕ್ಕಾ.
“ಹೆಣ್ಣಾಳು ಎರಡು,
ತಲಿಗೆ ಹದಿಮೂರು ಸಾವಿರದ ಐದನೂರು.”
ಆ ತಲಿ ನಾನು.
ನನ್ನ ಕೈಗೆ ಬರೂದು ಆರು ಸಾವಿರದ ಎಂಟನೂರು.

ಹಾಳಿ ಮಡಚಿ ಕುಪ್ಪಸದೊಳಗ ಇಟಗೊಂಡೆ.
ಕಳವು ಅಂದ್ರ ಅದೊಂದೇ ನನ್ನ ಕಳವು.
ಮನ್ಯಾಗ ಇಸ್ತ್ರಿ ತಿಕ್ಕಿದೆ, ನೆರಗಿ ಬಿಡಲಿಲ್ಲ.
ಈಗ ಅದನ್ನ ಬಾಜೂಕ ಇಟಗೊಂಡ
ನಮ್ಮ ಕೊಟೇಶನ್ ಬರೀತಾಳ ಮಗಳು,
ಅವಂದೇ ಗೆರಿ, ಅವಂದೇ ಖಾನೆ,
‘ಸರ್ವಿಸ್ ಚಾರ್ಜ್’ ಅನ್ನೂದೂ ಅವಂದೇ ಅಕ್ಷರ.

ಎರಡ ಮಜಲಾಕ್ಕ ಇಬ್ಬರು ಸಾಲೂದಿಲ್ಲ.
ಉಣಕಲ್ಲಿನ ಗಂಗಿಮಾಳವ್ವನ ಸೊಸಿ ಬರತೇನಂದಾಳ.
“ಅವ್ವಾ, ಮೂರನೇದಾಕಿಗೆ ಎಷ್ಟು ಬರೀಲಿ?”

ಎಂಟು ಅನ್ನಬೇಕಂದೆ. ಹೊಸಾಕಿ, ಕೈ ಪಳಗಿಲ್ಲ,
ಆಸಿಡ್ ರೊಕ್ಕಾ ನಂದು, ಓಡ್ಯಾಟ ನಂದು,
ತಡಾ ಆದ್ರ ಬೈಗಳಾ ನನಗ.
ನಾಲಗಿ ತುದಿಗೆ ಎಲ್ಲಾ ಸಾಲಾಗಿ ಬಂದು ನಿಂತವು,
ಕುಬಸದ ಅನ್ನತಿದ್ದ ಮಾತು, ಅವನ ದನಿಯೊಳಗೇ.

ಜೈತುನಬಿ ಟೇಪು ಸುತ್ತಾಕತ್ತಿದ್ದಳು,
ತಲಿ ಎತ್ತಲಿಲ್ಲ.
“ನೋಡಿ ಬರಸವಾ.
ಬಿಲ್ಲು ಒಂದಿನ ಬುಟ್ಟಿಗೆ ಬೀಳತೈತಿ,
ಬುಟ್ಟಿ ಸುರವಾಕಿ ಆಕಿನ.
ಹತ್ತನೇ ಪಾಸು.”

ಮಗಳು ಕಾಯಾಕತ್ತಾಳ.
ಪೆನ್ನಿನ ತುದಿಯ ಶಾಯಿ
ಆ ಖಾನೆಯೊಳಗ ಒಂದು ಚುಕ್ಕಿ ಆಗೇತಿ,
ಇನ್ನೂ ಅಂಕಿ ಆಗಿಲ್ಲ.